ಇಸ್ತ್ರಿ ಮೇಜಿನ ಆಚೆ ಬದಿ

ಸೈಕಲ್ಲಿನಲ್ಲಿ ಸಮುದ್ರದವರೆಗೆ ಹೋಗಿ ಬಂದವನನ್ನು ಜನ ಮೊದಲು ಕೇಳುವುದು ಸಮುದ್ರದ ಸುದ್ದಿಯಲ್ಲ, ಪಂಕ್ಚರಿನ ಸುದ್ದಿ. ಎಷ್ಟಾಯಿತು, ಎಲ್ಲಾಯಿತು, ಟ್ಯೂಬು ಬದಲಿಸಿದ್ದೋ ತೇಪೆ ಹಾಕಿಸಿದ್ದೋ. ಇಸ್ತ್ರಿ ಅಂಗಡಿಯವನು ತನ್ನ ಬೀದಿಯ ತಿರುವಿನಲ್ಲಿ ಗಂಟೆ ಬಾರಿಸಿದ್ದೇ ತಡ, ಬೇಕರಿಯವನು ಕೈಗೆ ಮೆತ್ತಿದ ಹಿಟ್ಟಿನ ಸಮೇತ ಓಡಿ ಬಂದು ಕೇಳಿದ್ದು ಅದನ್ನೇ. ಔಷಧದ ಅಂಗಡಿಯವನು ಕೌಂಟರಿನ ಹಿಂದಿನಿಂದ ಕೂಗಿ ಕೇಳಿದ್ದೂ ಅದನ್ನೇ. ಒಂದೇ ಬೀದಿಯಲ್ಲಿ ಅರ್ಧ ಆಯುಷ್ಯ ಕಳೆದರೂ ಒಬ್ಬರನ್ನೊಬ್ಬರು ಏನು ಕೇಳಬೇಕೆಂದು ಮನುಷ್ಯರಿಗೆ ಗೊತ್ತಿರುವುದಿಲ್ಲ.

ಆ ಬೀದಿಯಲ್ಲಿ ಅವನಿಗೆ ಗರಿಗರಿಯಣ್ಣ ಎಂದು ಹೆಸರು. ಅವನು ಇಸ್ತ್ರಿ ಮಾಡಿಕೊಟ್ಟ ಅಂಗಿಯ ಮಡಿಕೆ ಬಿಚ್ಚಿದರೆ ಹೊಸ ಪುಸ್ತಕ ತೆರೆದಂಥ ಸದ್ದು ಬರುತ್ತಿತ್ತು. ಅವನು ಮಾತ್ರ ಸದಾ ಮುದುಡಿದ ಅಂಗಿಯಲ್ಲೇ ಇರುತ್ತಿದ್ದ. ಈಗಲೂ ಅಷ್ಟೆ. ಬಿಸಿಲಿಗೆ ಕರಕಲಾದ ಮುಖ, ಕೆನ್ನೆ ತುಂಬ ಬೆಳೆದ ಗಡ್ಡ, ಹಗ್ಗದಂತೆ ಹುರಿಗಟ್ಟಿದ ಕಾಲು. ಅರವತ್ತರ ಹತ್ತಿರ ಬಂದ ಗಂಡಸು ಎರಡು ತಿಂಗಳಲ್ಲಿ ಇಷ್ಟು ಬದಲಾಗಬಹುದೆಂದು ಬೀದಿಯವರು ನಂಬಿರಲಿಲ್ಲ. ಅವನ ಬೆನ್ನು ತಟ್ಟಿದರು, ಸೈಕಲ್ಲಿನ ಬೆನ್ನನ್ನೂ ತಟ್ಟಿದರು. ಯಾರೋ ಕೈಗೆ ಚಹಾ ಕೊಟ್ಟರು. ಅವನು ನಕ್ಕ, ನಕ್ಕೂ ನಕ್ಕೂ ಕೆನ್ನೆ ನೋಯಿಸಿಕೊಂಡ.

ಅಂಗಡಿಯ ಮೆಟ್ಟಿಲ ಮೇಲೆ ಹೆಂಡತಿ ನಿಂತಿದ್ದಳು. ಪಕ್ಕದಲ್ಲಿ ಅವನ ಅಕ್ಕ. ಗಂಡ ತೀರಿಕೊಂಡ ಮೇಲೆ ಬೇರೆ ಊರಿನಲ್ಲಿ ಒಬ್ಬಳೇ ಇದ್ದ ಅಕ್ಕನನ್ನು, ತಾನು ಬರುವವರೆಗೆ ಇವಳ ಜೊತೆಗಿರಲೆಂದು ಅವನೇ ಕರೆಸಿದ್ದ. ಅಕ್ಕನ ಕೈ ಹೆಂಡತಿಯ ಮೊಣಕೈ ಮೇಲಿತ್ತು. ಅವನು ಇನ್ನೊಮ್ಮೆ ಗಂಟೆ ಬಾರಿಸಿದ. ಹೆಂಡತಿ ನೆಟ್ಟಗೆ ಅವನ ಕಡೆಗೇ ತಿರುಗಿ ನಕ್ಕಳು. ಅತ್ತಿಗೆ ನಾದಿನಿ ಚೆನ್ನಾಗಿ ಹೊಂದಿಕೊಂಡಿದ್ದಾರೆ, ಕೈ ಕೈ ಹಿಡಿದುಕೊಳ್ಳುವಷ್ಟು, ಎಂದುಕೊಂಡು ಅವನಿಗೆ ಇನ್ನೂ ಸಂತೋಷವಾಯಿತು.

ಈ ಸಂತೋಷದ ಅಡಿಯಲ್ಲಿ ಒಂದು ಮುಳ್ಳು ಇತ್ತು. ಅದನ್ನು ತಿಳಿಯಬೇಕಾದರೆ ಅವರ ಅಂಗಡಿಯನ್ನು ಸ್ವಲ್ಪ ನೋಡಬೇಕು.

ಮನೆಯ ಮುಂದಿನ ಕೋಣೆಯೇ ಅಂಗಡಿ. ಬೀದಿಯ ಕಡೆಗೆ ಪೂರ್ತಿ ತೆರೆದ ಬಾಗಿಲು. ಬಾಗಿಲಿಗೆ ಸಮೀಪ ಇಸ್ತ್ರಿ ಮೇಜು. ಅದರ ಒಳಬದಿಯಲ್ಲಿ, ಬೀದಿಗೆ ಮುಖ ಮಾಡಿ ಅವನು. ಕೋಣೆಯ ತುದಿಯಲ್ಲಿ, ಹಿಂದಿನ ಕಿಟಕಿಯ ಕೆಳಗೆ, ಕುರ್ಚಿಯಲ್ಲಿ ಅವಳು. ಬಟ್ಟೆಗಳಿಗೆ ಗುರುತು ಹಾಕುವುದು ಅವಳ ಕೆಲಸ. ಕಾಲರಿನ ಒಳಗೋ ಸೊಂಟದ ಪಟ್ಟಿಯ ಒಳಗೋ ಒಂದು ಸಣ್ಣ ಹೊಲಿಗೆ, ಮನೆಗೊಂದು ಬಣ್ಣ, ಬಟ್ಟೆ ವಾಪಸು ಕೊಡುವಾಗ ಬಿಚ್ಚಿಬಿಡುವುದು. ವಕೀಲರ ಮನೆಗೆ ನೀಲಿ, ಹೆಡ್‌ಮಾಸ್ತರರ ಮನೆಗೆ ಕೆಂಪು, ಬ್ಯಾಂಡಿನವನಿಗೆ ಕಂದು. ಮದುವೆಯಾಗಿ ಬಂದ ಹೊಸತರಲ್ಲಿ ಅವಳು ಗೊತ್ತುಮಾಡಿದ ಬಣ್ಣಗಳು ಆಮೇಲೆ ಬದಲಾಗಲೇ ಇಲ್ಲ. ಮಕ್ಕಳಿಲ್ಲದ ಮನೆ. ಬೆಳಗಿನಿಂದ ಸಂಜೆಯವರೆಗೆ ಇಬ್ಬರೇ ಅಲ್ಲಿ, ಒಬ್ಬರ ಹಿಂದೆ ಒಬ್ಬರು.

ಮೇಜನ್ನು ಒಂದು ಸಲ ಈ ಕಡೆ ತಿರುಗಿಸಿಕೊಳ್ಳಿ ಎಂದು ಅವಳು ಆಗಾಗ ಹೇಳಿದ್ದುಂಟು. ದಿನವಿಡೀ ನಿಮ್ಮ ಅಂಗಿಯ ಬೆನ್ನಿನ ಜೊತೆ ಮಾತಾಡಿ ಮಾತಾಡಿ ಸಾಕಾಗಿದೆ ಎಂದು ನಗುತ್ತಲೇ ಹೇಳುತ್ತಿದ್ದಳು. ಅವನು ಪ್ಲಗ್ಗು ತೋರಿಸುತ್ತಿದ್ದ. ಪ್ಲಗ್ಗಿರುವುದು ಬಲಗೋಡೆಯಲ್ಲಿ, ತಿರುಗಿ ನಿಂತರೆ ವೈರು ಎಡಕ್ಕೆ ಬಂದು ಬಟ್ಟೆಯ ಮೇಲೆ ಎಳೆದಾಡುತ್ತದೆ. ಬೀದಿಗೆ ಬೆನ್ನು ಹಾಕಿದರೆ ಗಿರಾಕಿ ಬಂದದ್ದು ಕಾಣುವುದಿಲ್ಲ. ಮಾಡಲಾರದವನಿಗೆ ನೆಪಕ್ಕೇನು ಬರ. ನೋಡೋಣ ಎನ್ನುತ್ತಿದ್ದ. ನೋಡೋಣ ನೋಡೋಣ ಎನ್ನುತ್ತಲೇ ಇಬ್ಬರಿಗೂ ಕೂದಲು ಬೆಳ್ಳಗಾಯಿತು.

ಆಮೇಲೆ ಒಂದು ದಿನ ಹೆಡ್‌ಮಾಸ್ತರರ ಮನೆಗೆ ಜರಿಪಟ್ಟಿಯ ಬ್ಯಾಂಡಿನ ಕೋಟು ಹೋಯಿತು, ಬ್ಯಾಂಡಿನವನ ಮನೆಗೆ ಹೆಡ್‌ಮಾಸ್ತರರ ಪ್ಯಾಂಟು ಹೋಯಿತು. ಬೀದಿಗೆ ಬೀದಿಯೇ ನಕ್ಕಿತು. ಇನ್ನು ಮೇಲೆ ಶಾಲೆಯಲ್ಲಿ ಡೋಲು ಬಾರಿಸುತ್ತಾರೆ ಎಂದು ಬೇಕರಿಯವನು ತಿಂಗಳುಗಟ್ಟಲೆ ಹೇಳಿಕೊಂಡು ತಿರುಗಿದ. ಅಂಗಡಿಯೊಳಗೆ ಮಾತ್ರ ಅವಳು ಕೆಂಪು ಉಂಡೆಯನ್ನೂ ಕಂದು ಉಂಡೆಯನ್ನೂ ಕಿಟಕಿಯ ಹತ್ತಿರ ಹಿಡಿದು ಮತ್ತೆ ಮತ್ತೆ ಹೋಲಿಸಿ ನೋಡಿದಳು. ಎರಡೂ ಒಂದೇ ಥರ ಕಾಣುತ್ತಿದ್ದವು.

ಕಣ್ಣಿನ ಡಾಕ್ಟರು ಸಕ್ಕರೆ ಕಾಯಿಲೆ ಎಂದರು. ಕಣ್ಣಿನ ಹಿಂದಿನ ರಕ್ತನಾಳಗಳು ಹಾಳಾಗಿವೆ, ದೃಷ್ಟಿ ಪೂರ್ತಿ ಉಳಿಯುವುದಿಲ್ಲ. ವರ್ಷ ಎರಡು ವರ್ಷ ಹೀಗೇ ಎಳೆಯಬಹುದು, ಇಲ್ಲವೇ ಒಂದೇ ದಿನದಲ್ಲಿ ಕೈಕೊಡಬಹುದು. ಈ ಮಾತಿನ ಮೊದಲರ್ಧವನ್ನು ಅವನು ಕೇಳಿಸಿಕೊಂಡ. ಎರಡನೆಯ ಅರ್ಧ ಹೇಳುವಾಗಲೂ ಅಲ್ಲೇ ಕೂತಿದ್ದ, ತಲೆಯನ್ನೂ ಆಡಿಸಿದ್ದ.

ಅವನಿಗೊಂದು ಆಸೆಯಿತ್ತು, ತುಂಬ ಹಳೆಯದು. ಜೀವಮಾನವೆಲ್ಲ ಅದೇ ಸೈಕಲ್ಲಿನಲ್ಲಿ ಅದೇ ನಾಲ್ಕು ಬೀದಿಗಳಿಗೆ ಬಟ್ಟೆ ಮುಟ್ಟಿಸಿ, ಅದೇ ತಿರುವಿನಲ್ಲಿ ವಾಪಸು ತಿರುಗಿದವನು. ಗಾಣದೆತ್ತಿಗೂ ತನಗೂ ಏನು ವ್ಯತ್ಯಾಸ, ಎತ್ತಿಗೆ ಸೈಕಲ್ಲಿಲ್ಲ ಅಷ್ಟೆ ಎನ್ನುತ್ತಿದ್ದ. ಒಂದೇ ಒಂದು ಸಲ ಆ ತಿರುವಿನಲ್ಲಿ ತಿರುಗದೆ ನೇರ ಹೋಗಬೇಕು, ರಸ್ತೆ ಮುಗಿದು ನೀರು ಶುರುವಾಗುವ ತನಕ ಹೋಗಬೇಕು. ಡಾಕ್ಟರ ಮಾತು ಕೇಳಿದ ಮೇಲೆ ಅವನ ತಲೆಯಲ್ಲಿ ಒಂದು ಲೆಕ್ಕ ಓಡಿತು. ಈಗ ಹೋಗದಿದ್ದರೆ ಮತ್ತೆ ಹೋಗುವುದಿಲ್ಲ. ಕಣ್ಣಿಲ್ಲದವಳನ್ನು ಬಿಟ್ಟು ಹೋಗಲಾಗುವುದಿಲ್ಲ. ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ, ಬೆನ್ನನ್ನೇ ಓದಿ ಪಳಗಿದವಳು ಅವಳು. ತಾನಾಗಿಯೇ ಹೋಗಿ ಬನ್ನಿ ಎಂದಳು. ಸೈಕಲ್ಲಿನ ಎರಡೂ ಪಕ್ಕಕ್ಕೆ ದಪ್ಪ ಬಟ್ಟೆಯ ಚೀಲ ಹೊಲಿದುಕೊಟ್ಟಳು. ಬಟ್ಟೆ ಕೊಡುವವರು ತಾವೇ ತಂದು ತಾವೇ ಒಯ್ಯುವುದೆಂದೂ, ತೊಳೆದು ಗುರುತು ಹಾಕಿ ಮಡಿಸಿಕೊಡುವುದಷ್ಟೇ ಎಂದೂ ಅಕ್ಕನೊಂದಿಗೆ ಮಾತಾಯಿತು. ಹೊರಡುವ ದಿನ ಅವಳು ಕೇಳಿದ್ದು ಒಂದೇ.

"ಬಂದ ಮೇಲೆ ಆ ಮೇಜು ತಿರುಗಿಸಿಬಿಡಿ. ಕಾಣೋವಷ್ಟು ದಿನ ನಿಮ್ಮ ಮುಖ ನೋಡ್ತಾ ಕೂತಿರ್ತೀನಿ."

"ಬಂದ ದಿನವೇ," ಎಂದ ಅವನು. ಅಂದು ಹಾಗೆಂದದ್ದು ಸುಳ್ಳಲ್ಲ.

ರಸ್ತೆಯ ಕಥೆ ಹೇಳಹೊರಟರೆ ಅದೇ ಒಂದು ಪುಸ್ತಕವಾದೀತು. ಬಯಲ ಗಾಳಿ ಎದೆಗೆ ಕೈಯಿಟ್ಟು ಹಿಂದಕ್ಕೆ ದೂಡಿದ್ದು, ಮಂಡಿ ಊದಿಕೊಂಡು ಒಂದು ಶಾಲೆಯ ಜಗಲಿಯಲ್ಲಿ ಮಲಗಿದ್ದು, ಲಾರಿಯವರು ನೀರು ಕೊಟ್ಟದ್ದು. ಇದೆಲ್ಲಕ್ಕಿಂತ ದೊಡ್ಡ ಸುದ್ದಿಯೆಂದರೆ ಅವನು ಸುಖವಾಗಿದ್ದ. ನಾಚಿಕೆ ಬಿಟ್ಟು ಸುಖವಾಗಿದ್ದ. ಹಗಲೆಲ್ಲ ಮನೆಯ ನೆನಪೇ ಬರುತ್ತಿರಲಿಲ್ಲ. ಸಂಜೆ ಫೋನು ಮಾಡುವಾಗ ಮಾತ್ರ ಒಂದು ಅಳುಕು. ಆ ಅಳುಕಿಗೆ ಅವನು ತಾನೇ ಒಂದು ಮದ್ದು ಕಂಡುಕೊಂಡಿದ್ದ. ಕಣ್ಣು ಹೇಗಿದೆ ಎಂದು ನೇರ ಕೇಳುತ್ತಿರಲಿಲ್ಲ. ವಕೀಲರ ಅಂಗಿಗೆ ಇವತ್ತು ಯಾವ ದಾರ ಹಾಕಿದೆ ಎನ್ನುತ್ತಿದ್ದ. ನೀಲಿ ಎನ್ನುತ್ತಿದ್ದಳು. ಹೆಡ್‌ಮಾಸ್ತರರದಕ್ಕೆ? ಕೆಂಪು. ಬ್ಯಾಂಡಿನವನದಕ್ಕೆ? ಕಂದು. ತಪ್ಪು ಒಂದೂ ಇಲ್ಲ. ಅವನು ಫೋನು ಇಟ್ಟು ನೆಮ್ಮದಿಯಾಗಿ ಉಂಡು ಮಲಗುತ್ತಿದ್ದ.

ಸಮುದ್ರ ತಲುಪಿದ ಮೇಲೆ ಸೈಕಲ್ಲನ್ನು ರೈಲಿಗೆ ಹಾಕಿಕೊಂಡು ಮರುದಿನವೇ ಮನೆ ಸೇರುವುದೆಂದು ಮೊದಲೇ ಮಾತಾಗಿತ್ತು. ಟಿಕೆಟ್ಟಿನ ಕಿಟಕಿಯವರೆಗೆ ಹೋಗಿದ್ದ. ದಾರಿಯಲ್ಲಿ ಪರಿಚಯವಾದ ಇನ್ನೊಬ್ಬ ಸೈಕಲ್ಲಿನವನು, ರೈಲಲ್ಲಿ ಹೋದರೆ ಅರ್ಧ ಯಾತ್ರೆ ಅಷ್ಟೆ ಯಜಮಾನರೇ ಎಂದು ನಕ್ಕ. ಅಷ್ಟೇ ಸಾಕಾಯಿತು. ಸಾಲು ಬಿಟ್ಟು ಈಚೆ ಬಂದು ಮನೆಗೆ ಫೋನು ಮಾಡಿದ. ತುಳಿದುಕೊಂಡೇ ವಾಪಸು ಬರಲೇ, ಕೆಲವು ವಾರ ಹೆಚ್ಚಾಗುತ್ತದೆ ಎಂದ. ನಿಮಗೆ ಬೇಕನ್ನಿಸಿದರೆ ಹಾಗೇ ಮಾಡಿ, ಇಲ್ಲೇನೂ ಓಡಿಹೋಗುವುದಿಲ್ಲ ಎಂದಳು. ಅವನು ವಾಡಿಕೆಯಂತೆ ವಕೀಲರ ಅಂಗಿಯ ದಾರ ಕೇಳಿದ. ನೀಲಿ ಎಂದಳು.

ಹೀಗೆ ಮೂರು ವಾರ ತಡವಾಗಿ ಅವನು ಬೀದಿಯ ತಿರುವಿನಲ್ಲಿ ಗಂಟೆ ಬಾರಿಸಿದ್ದು.

ಜನ ಚದುರಿದರು. ಸ್ನಾನ ಮಾಡಿದ, ಉಂಡ. ಹೆಂಡತಿ ಎದುರಿಗೆ ಕೂತು ಕೇಳಿದಳು, ನಕ್ಕಳು, ಇನ್ನೊಂದಿಷ್ಟು ಬಡಿಸು ಎಂದು ಅವನ ಅಕ್ಕನಿಗೆ ಹೇಳಿದಳು. ಅಕ್ಕ ಯಾಕೋ ಮಾತಿಲ್ಲದೆ ಬಡಿಸಿದಳು. ಆ ಅಕ್ಕ ಮಾತಿಲ್ಲದೆ ಇದ್ದಾಳೆಂದರೆ ಅನುಮಾನ ಬರಬೇಕಿತ್ತು; ಹುಟ್ಟಿದಾಗಿನಿಂದ ಸುಮ್ಮನಿದ್ದವಳಲ್ಲ. ಅವನಿಗೆ ಬರಲಿಲ್ಲ. ಅವನು ಸಮುದ್ರ ತೋರಿಸುವುದರಲ್ಲಿದ್ದ, ಎರಡೂ ಕೈ ಅಗಲಿಸಿ ಇಷ್ಟು ಉದ್ದಕ್ಕೂ ನೀರು ಎಂದು. ಹೆಂಡತಿ ಹೌದಾ ಎಂದಳು.

ಊಟವಾದ ಮೇಲೆ ಅವಳು ಒಳಗೆ ಸ್ವಲ್ಪ ಒರಗಿಕೊಂಡಳು. ಅಕ್ಕ ಪಾತ್ರೆ ತೊಳೆಯುತ್ತಿದ್ದಳು. ಅವನಿಗೆ ಕೈ ಸುಮ್ಮನಿರಲಿಲ್ಲ, ಅಂಗಡಿಗೆ ಹೋದ. ಮೇಜಿನ ಮೇಲಿನ ಹಳೇ ಕಂಬಳಿ, ಸುಟ್ಟ ಕಲೆಗಳು, ಎಲ್ಲ ಇದ್ದ ಹಾಗೇ ಇತ್ತು. ಪ್ಲಗ್ಗು ಚುಚ್ಚಿ ಇಸ್ತ್ರಿ ಪೆಟ್ಟಿಗೆ ಕಾಯಲು ಬಿಟ್ಟ. ಮೂಟೆಯಿಂದ ಒಂದು ಅಂಗಿ ಎಳೆದು ನೀರು ಚಿಮುಕಿಸಿ, ಬೆನ್ನಿನ ಮೇಲೆ ಪೆಟ್ಟಿಗೆ ಓಡಿಸುತ್ತ, ಯಾರದೆಂದು ನೋಡಲು ಕಾಲರು ತಿರುಗಿಸಿದ. ಬಿಳಿ ದಾರ. ಹೊಲಿಗೆಯ ಮೇಲೆ ಮೂರು ಸಣ್ಣ ಗಂಟು.

ಯಾರೋ ಹೊಸ ಗಿರಾಕಿ ಎಂದುಕೊಂಡ. ಮೂಟೆಯಿಂದ ಇನ್ನೊಂದು ತೆಗೆದ. ಬಿಳಿ, ಒಂದು ಗಂಟು. ಪ್ಯಾಂಟಿನ ಸೊಂಟಪಟ್ಟಿ ಮಗುಚಿದ. ಬಿಳಿ, ಎರಡು ಗಂಟು, ನಡುವೆ ಅಂತರ. ಮೇಜಿನ ಖಾನೆ ಎಳೆದು ನೋಡಿದ. ನೀಲಿ, ಕೆಂಪು, ಹಸಿರು, ಕಂದು ಉಂಡೆಗಳೆಲ್ಲ ತುಂಬಿಕೊಂಡು, ಮೇಲೆ ತೆಳ್ಳಗೆ ಧೂಳು ಹಿಡಿದು ಕೂತಿದ್ದವು. ಬಿಳಿ ದಾರದ ಉಂಡೆ ಮಾತ್ರ ಒಳಗಿನ ಕಡ್ಡಿ ಕಾಣುವವರೆಗೆ ಸವೆದಿತ್ತು. ಪಕ್ಕದಲ್ಲಿ ಒಂದು ಬಟ್ಟೆಯ ಚೂರಿಗೆ ಚುಚ್ಚಿಟ್ಟ ಹತ್ತಾರು ಸೂಜಿ, ಎಲ್ಲಕ್ಕೂ ಯಾರೋ ಮೊದಲೇ ದಾರ ಪೋಣಿಸಿ ಇಟ್ಟಿದ್ದರು.

ಯಾರೋ ಏನು ಬಂತು, ಅಕ್ಕನೇ. ಯಾಕೆ ಪೋಣಿಸಿಟ್ಟಳೆಂಬುದೂ ಅವನಿಗೆ ಅದೇ ಉಸಿರಿನಲ್ಲಿ ತಿಳಿಯಿತು. ಖಾನೆಯ ಅಂಚು ಹಿಡಿದುಕೊಂಡು ನಿಂತ. ಎಷ್ಟು ಹೊತ್ತು ನಿಂತನೋ.

"ರೀ, ಸುಡ್ತಿದೆ."

ಒಳಬಾಗಿಲಲ್ಲಿ ಅವಳು. ಮೂಗು ಸ್ವಲ್ಪ ಮೇಲಕ್ಕೆತ್ತಿಕೊಂಡು, ಎಡಗೈಯನ್ನು ಗೋಡೆಯ ಮೇಲೆ ಆಡಿಸಿಕೊಂಡು ಬಂದಳು. ಅವನನ್ನು ತಾಗದೆ ಪಕ್ಕದಲ್ಲೇ ಹಾದು, ಬಲಗೋಡೆಯ ಪ್ಲಗ್ಗನ್ನು ಒಂದೇ ಸಲಕ್ಕೆ ಹಿಡಿದು ಕಿತ್ತಳು. ವೈರಿನ ಗುಂಟ ಕೈ ಜಾರಿಸಿ ಪೆಟ್ಟಿಗೆಯ ಹಿಡಿ ಹುಡುಕಿ, ಎತ್ತಿ ನಿಲ್ಲಿಸಿದಳು. ಅಂಗಿಯ ಬೆನ್ನಿನ ಮೇಲೆ ಪೆಟ್ಟಿಗೆಯಾಕಾರದ ಕಂದು ಗುರುತು. ಬೆರಳ ತುದಿಯಿಂದ ಅದರ ಅಂಚು ಮುಟ್ಟಿ ನೋಡಿ, ಆಮೇಲೆ ಕಾಲರಿನ ಗಂಟು ಮುಟ್ಟಿ ನೋಡಿದಳು.

"ವಕೀಲರದು," ಎಂದಳು. "ಅವರು ಬೈಯೋದಿಲ್ಲ ಬಿಡಿ."

ಅವನು ಇಷ್ಟು ವರ್ಷದಲ್ಲಿ ಒಂದು ಬಟ್ಟೆಯನ್ನೂ ಸುಟ್ಟವನಲ್ಲ. ಯಾವಾಗಿನಿಂದ ಎಂದು ಕೇಳಿದ. ಊಟ ಆದ ಮೇಲೆ ಹೇಳೋಣ ಅಂತಿದ್ದೆ, ಕಣ್ಣು ಎಳೆಯಿತು, ಮಲಗಿದೆ ಎಂದಳು ಅವಳು. ಹಾಲು ಉಕ್ಕಿತು ಎಂದು ಹೇಳುವ ದನಿಯಲ್ಲಿ ಎಲ್ಲ ಹೇಳಿದಳು. ಅವನು ಹೋದ ಸ್ವಲ್ಪ ದಿನಕ್ಕೇ ಬಲಗಣ್ಣಿನೊಳಗೆ ರಕ್ತ ಒಡೆಯಿತು, ಮಸಿ ಚೆಲ್ಲಿದ ಹಾಗಾಯಿತು. ಆಗಲೇ ಗಂಟಿನ ಉಪಾಯ ಹೊಳೆದದ್ದು, ಯಾಕೆಂದರೆ ಉಳಿದದ್ದೂ ಹೋಗುತ್ತದೆ ಎಂದು ಮನಸ್ಸಿಗೆ ಬಂತು. ಕಣ್ಣಿರುವಾಗಲೇ ಕಣ್ಣುಮುಚ್ಚಿ ಕಲಿತಳು. ಆಮೇಲೆ ಎಡಗಣ್ಣೂ ಹೋಯಿತು.

"ಫೋನಲ್ಲಿ ನೀಲಿ ಅಂದೆಯಲ್ಲ. ಕೆಂಪು ಅಂದೆಯಲ್ಲ."

"ವಕೀಲರಿಗೆ ನೀಲಿ ಅಂತ ಹೇಳೋಕೆ ಕಣ್ಣು ಯಾಕೆ ಬೇಕು? ನಾನೇ ಗೊತ್ತುಮಾಡಿದ್ದಲ್ವಾ?"

ಅವನು ಮೇಜಿಗೆ ಒರಗಿದ. ನಿಜವೇ. ಆ ಬಣ್ಣಗಳನ್ನು ಅವನೂ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೆ ಹೇಳುತ್ತಿದ್ದ. ಬೀದಿಯಲ್ಲಿ ಯಾರೇ ಆ ಪ್ರಶ್ನೆ ಕೇಳಿದ್ದರೂ ಮೋಸಹೋಗಬಹುದಿತ್ತು. ಆ ಪ್ರಶ್ನೆಯಿಂದ ಕಣ್ಣಿನ ಸುದ್ದಿ ತಿಳಿಯುವುದಿಲ್ಲ ಎಂದು ಗೊತ್ತಿದ್ದ ಒಬ್ಬನೇ ಮನುಷ್ಯ ಅವನು. ಹಾಗಿದ್ದರೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಒಳಗೆಲ್ಲೋ ಗೊತ್ತಿತ್ತು. ಕೇಳಿದ್ದು ಅವಳ ಕಣ್ಣಿನ ಸಲುವಾಗಿ ಅಲ್ಲ, ತನ್ನ ನಿದ್ದೆಯ ಸಲುವಾಗಿ.

ಯಾಕೆ ಹೇಳಲಿಲ್ಲ ಎಂದು ಮಾತ್ರ ಕೇಳಿದ.

"ಹೇಳಿದ್ರೆ ಬಂದುಬಿಡ್ತಿದ್ರಿ. ಬಂದು, ಅರ್ಧಕ್ಕೆ ಬಿಟ್ಟ ದಾರೀನೇ ನೆನೆಸಿಕೊಂಡು ಜೀವನಪೂರ್ತಿ ಆ ಬಾಗಿಲಲ್ಲಿ ನಿಂತಿರ್ತಿದ್ರಿ. ಅದನ್ನೂ ನಾನೇ ಅನುಭವಿಸಬೇಕಿತ್ತಾ?"

ಕೋಪವಿರಲಿಲ್ಲ ಆ ಮಾತಿನಲ್ಲಿ. ಇದ್ದಿದ್ದರೆ ಅವನಿಗೆ ಎಷ್ಟೋ ವಾಸಿಯಾಗುತ್ತಿತ್ತು.

ಕೋಪ ಇದ್ದದ್ದು ಅಕ್ಕನಲ್ಲಿ. ಸಂಜೆ ಬಟ್ಟೆ ಒಣಹಾಕಲು ಜಾಗ ಸಾಲದೆ ಅವನ ಸೈಕಲ್ಲಿನ ಹ್ಯಾಂಡಲಿಗೇ ಒದ್ದೆ ಬಟ್ಟೆ ಹರವುತ್ತಿದ್ದಳು. ಸಮುದ್ರ ಕಂಡು ಬಂದ ಸೈಕಲ್ಲು ಹಿತ್ತಲಲ್ಲಿ ಬಟ್ಟೆಯ ಗೂಟವಾಗಿ ನಿಂತಿತ್ತು. ಅವನು ಪಕ್ಕದಲ್ಲಿ ಬಂದು ನಿಂತದ್ದು ನೋಡಿ, ಇಷ್ಟು ದಿನ ಬಾಯಿಗೆ ಹಾಕಿಕೊಂಡಿದ್ದ ಬೀಗ ತೆಗೆದಳು. ಹೇಳಬೇಡ ಎಂದು ಅವಳು ಆಣೆ ಹಾಕಿಸಿಕೊಂಡಿದ್ದಳು, ಇಲ್ಲದಿದ್ದರೆ ನಿನಗೆ ಅಲ್ಲಿಗೇ ಬಂದು ಉಗಿಯುತ್ತಿದ್ದೆ ಎಂದಳು. ಆಮೇಲೆ ರೈಲಿನ ದಿನದ ಕಥೆ ಹೇಳಿದಳು.

ಅವನು ಸಮುದ್ರದಿಂದ ರೈಲು ಹತ್ತಬೇಕಿದ್ದ ದಿನ ಹೆಂಡತಿ ಬೆಳಿಗ್ಗೆಯೇ ತಲೆ ಬಾಚಿಕೊಂಡು ಒಳ್ಳೆಯ ಬಟ್ಟೆ ಉಟ್ಟಳು. ತನ್ನ ಕುರ್ಚಿಯನ್ನು ಹಿಂದಿನ ಕಿಟಕಿಯಿಂದ ಎತ್ತಿಸಿ ಅಂಗಡಿಯ ಬಾಗಿಲಿಗೇ ಹಾಕಿಸಿದಳು, ಅಲ್ಲಿ ಬೆಳಕು ಜಾಸ್ತಿ ಎಂದು. ಎಡಗಣ್ಣಿಗೆ ಆಗ ಒಳ್ಳೆಯ ಬೆಳಕಿನಲ್ಲಿ, ತೀರ ಹತ್ತಿರದಿಂದ, ಮುಖಗಳು ಕಾಣುತ್ತಿದ್ದವು. ಅವನಿಗೆ ನಾಳೆ ತನಕ ದಾರಿಯಿದೆ, ಇವತ್ತೇ ಯಾಕೆ ಕೂರುತ್ತೀ ಎಂದರೆ, ಅಭ್ಯಾಸ ಮಾಡಿಕೊಳ್ಳುತ್ತಿದ್ದೇನೆ ಎಂದು ಅಕ್ಕನ ಮುಖವನ್ನೇ ಹತ್ತಿರ ಎಳೆದುಕೊಂಡು ನೋಡಿದಳು. ಹಣೆಯ ಮೇಲಿನ ಗಾಯದ ಗುರುತು ಹೇಳಿದಳು. ಇಬ್ಬರೂ ನಕ್ಕರು. ಆಗಲೇ ಅವನ ಫೋನು ಬಂತು.

"ಅವತ್ತು ಅವಳಿಗೆ ಕಾಣ್ತಿತ್ತು ಕಣೋ," ಎಂದಳು ಅಕ್ಕ. "ಇನ್ನೂ ಒಂದು ವಾರ ಕಾಣ್ತಿತ್ತು. ನೀನು ಆ ರೈಲು ಹತ್ತಿದ್ರೆ ಸಾಕಿತ್ತು."

ಫೋನು ಇಟ್ಟು ಅವಳು, ಕುರ್ಚಿಯನ್ನು ಮತ್ತೆ ಹಿಂದಕ್ಕೆ ಹಾಕು ಎಂದಳಂತೆ, ಅಷ್ಟೆ. ಅಕ್ಕ ಒದ್ದೆ ಬಟ್ಟೆ ಹರವುವುದು ಮುಗಿಸಿ ಒಳಗೆ ಹೋದಳು. ಅವನು ಹಿತ್ತಲಲ್ಲೇ ಕಲ್ಲಿನ ಮೇಲೆ ಕೂತ. ಇಷ್ಟು ಗಟ್ಟಿಯಾದ ಕಾಲು ಇಟ್ಟುಕೊಂಡು ಇನ್ನೇನು ಮಾಡುವುದೆಂದು ಅವನಿಗೆ ತಿಳಿಯಲಿಲ್ಲ.

ಮರುದಿನ ಕಣ್ಣಿನ ಡಾಕ್ಟರ ಹತ್ತಿರ ಹೋದ. ಒಬ್ಬನೇ ಹೋದ. ಡಾಕ್ಟರು ಒಳ್ಳೆಯವರು, ಸಮಯ ಕೊಟ್ಟು ಮಾತಾಡಿದರು. ನೀವು ಊರಲ್ಲೇ ಇದ್ದಿದ್ದರೂ ಆಗುವುದು ಇಷ್ಟೇ, ಕಣ್ಣು ಉಳಿಯುತ್ತಿರಲಿಲ್ಲ, ನಿಮ್ಮ ತಪ್ಪು ಏನೂ ಇಲ್ಲ ಎಂದು ಭುಜ ಮುಟ್ಟಿದರು. ಆಸ್ಪತ್ರೆಯ ಉದ್ದನೆಯ ಮೊಗಸಾಲೆಯನ್ನು ದಾಟುವಷ್ಟು ಹೊತ್ತು ಅವನ ಎದೆ ಹಗುರಾಯಿತು. ಹೊರಗೆ ಬಿಸಿಲಿಗೆ ಕಾಲಿಟ್ಟ ಕೂಡಲೇ ಆ ಹಗುರದ ಮೇಲೇ ಅಸಹ್ಯ ಬಂತು. ಕಣ್ಣು ಉಳಿಸುವುದು ಅವನ ಕೈಯಲ್ಲಿ ಯಾವತ್ತೂ ಇರಲಿಲ್ಲ. ಕೈಯಲ್ಲಿದ್ದದ್ದು ಬಾಗಿಲ ಬೆಳಕಿನಲ್ಲಿ ಅವಳೆದುರು ಒಂದು ಕುರ್ಚಿ ಹಾಕಿಕೊಂಡು ಕೂರುವುದು. ಅದಕ್ಕೆ ಡಾಕ್ಟರು ಬೇಕಿರಲಿಲ್ಲ. ಅದಕ್ಕೆ ಡಾಕ್ಟರು ಕ್ಷಮೆ ಕೊಡುವಂತೆಯೂ ಇರಲಿಲ್ಲ.

ಮನೆಗೆ ಬಂದಾಗ ಅವಳು ತನ್ನ ಜಾಗದಲ್ಲಿ ಗಂಟು ಹಾಕುತ್ತ ಕೂತಿದ್ದಳು. ಸಮುದ್ರದ ಬಗ್ಗೆ ಸರಿಯಾಗಿ ಹೇಳಿ, ನಿನ್ನೆ ಊಟದ ಗಡಿಬಿಡಿಯಲ್ಲಿ ಕೇಳಿಸಿಕೊಳ್ಳಲಾಗಲಿಲ್ಲ ಎಂದಳು. ಅವನು ನೆಲದ ಮೇಲೆ ಅವಳ ಕಾಲ ಹತ್ತಿರ ಕೂತ. ಹೇಳಲು ಹೊರಟರೆ ಎಲ್ಲ ಬರಿದಾಗಿತ್ತು. ನೀರು ಎಂದ. ತುಂಬ ನೀರು. ಒಂದೇ ಸಮನೆ ಬರುತ್ತದೆ, ಹೋಗುತ್ತದೆ. ಬಣ್ಣ ಹೇಗಿತ್ತು ಎಂದು ಕೇಳಿದಳು. ನೆನಪು ಮಾಡಿಕೊಳ್ಳಲು ಕಣ್ಣು ಮುಚ್ಚಿದ. ರೈಲು ನಿಲ್ದಾಣದ ಟಿಕೆಟ್ಟಿನ ಕಿಟಕಿಯೊಂದು ಬಿಟ್ಟು ಬೇರೇನೂ ಕಣ್ಣ ಮುಂದೆ ಬರಲಿಲ್ಲ. ಬೂದಿ ಬಣ್ಣ ಎಂದು ಏನೋ ಹೇಳಿದ. ಇದಕ್ಕಾ ಅಷ್ಟು ದೂರ ಹೋಗಿದ್ದು ಎಂದು ಅವಳು ನಕ್ಕಳು.

ಆಮೇಲೆ ಅವನು ಅದನ್ನು ಕೇಳಿದ. ಕೇಳದೇ ಇದ್ದಿದ್ದರೆ ಒಳ್ಳೆಯದಿತ್ತು.

"ನನ್ನ ಮುಖ ನೆನಪಿದೆಯಾ ನಿನಗೆ?"

ಅವಳ ಕೈ ನಿಂತಿತು. ಸುಳ್ಳು ಹೇಳಲು ನೋಡಿದಳು, ಅವಳಿಗೆ ಆ ವಿದ್ಯೆ ಫೋನಿನಲ್ಲಿ ಮಾತ್ರ ಬರುತ್ತಿತ್ತು.

"ನೆನಪು ಮಾಡ್ಕೋತೀನಿ. ಮಾಡ್ಕೊಂಡಾಗೆಲ್ಲ ಬೆನ್ನೇ ಬರುತ್ತೆ. ಬೆವರು ಹತ್ತಿದ ಅಂಗಿ, ಭುಜ ಹೀಗೆ ಮುಂದಕ್ಕೂ ಹಿಂದಕ್ಕೂ. ಆಮೇಲೆ ಸೈಕಲ್ ಮೇಲೆ ಹೋಗ್ತಿರೋ ಬೆನ್ನು. ಮದುವೆ ಹೊಸತರ ಮುಖ ಒಂದು ಚೂರು ಬರುತ್ತೆ, ಮೀಸೆ ಇಲ್ಲದ್ದು. ಅದು ನೀವಲ್ಲ ಈಗ." ಆಮೇಲೆ, "ಬೆನ್ನು ಚೆನ್ನಾಗಿ ನೆನಪಿದೆ," ಎಂದಳು, ಸಮಾಧಾನ ಮಾಡುವವಳ ಹಾಗೆ.

ಕೈ ಚಾಚಿ ಅವನ ಮುಖ ಹುಡುಕಿದಳು. ಬೆರಳಿಗೆ ಸಿಕ್ಕಿದ್ದು ರಸ್ತೆಯ ಗಡ್ಡ, ಒಳಕ್ಕೆ ಹೋದ ಕೆನ್ನೆ, ಬಿಸಿಲಿಗೆ ಸುಲಿದ ಮೂಗು. ಅಪರಿಚಿತರ ಮನೆಯ ಬಾಗಿಲು ತಟ್ಟಿದವಳ ಹಾಗೆ ಕೈ ಹಿಂದಕ್ಕೆ ತೆಗೆದುಕೊಂಡಳು. ಅವನು ಆವತ್ತೇ ಗಡ್ಡ ತೆಗೆಸಿದ. ಕೆನ್ನೆಗೆ ಏನು ಮಾಡುವುದು?

ಮೇಜು ತಿರುಗಿಸಿದ್ದು ಅದರ ಮರುದಿನ. ಕರೆಂಟಿನ ಸಾಮಾನಿನ ಅಂಗಡಿಗೆ ಹೋಗಿ, ಬೇಕಾಗಿರುವುದು ಇಂಥದು ಎಂದು ಹೇಳಿದ. ಅಂಗಡಿಯವನು ಮಾತು ಮುಗಿಯುವ ಮೊದಲೇ ಒಂದು ಉದ್ದ ವೈರಿನ ಎಕ್ಸ್‌ಟೆನ್ಷನ್ ಬಾಕ್ಸು ತೆಗೆದು ಮುಂದಿಟ್ಟ. ಗೋಡೆಯ ಮೇಲಿಂದ ತಂದು ತಲೆಯ ಮೇಲೆ ಇಳಿಬಿಡಿ, ಬಟ್ಟೆಗೆ ತಾಗುವುದೇ ಇಲ್ಲ ಎಂದ. ಅಷ್ಟೇ ಇತ್ತು ಅದು. ಇಷ್ಟು ವರ್ಷದ ನೆಪ ಒಂದು ಸಣ್ಣ ಪೆಟ್ಟಿಗೆಯಲ್ಲಿ ಹಿಡಿಸಿತು. ಬೇಕರಿಯವನನ್ನು ಕರೆದು ಇಬ್ಬರೂ ಸೇರಿ ಮೇಜು ಎತ್ತಿ ತಿರುಗಿಸಿದರು. ಓಡಾಟಕ್ಕೆ ದಾರಿ ಬೇಕೆಂದು ಒಂದಿಷ್ಟು ಎಡಕ್ಕೆ ಸರಿಸಿದರು. ಏನಣ್ಣ, ಸಮುದ್ರ ನೋಡಿ ಬಂದವರಿಗೆ ಬೀದಿ ಬೇಜಾರಾಯ್ತಾ ಎಂದು ಬೇಕರಿಯವನು ತಮಾಷೆ ಮಾಡಿದ. ಅಕ್ಕ ಒಳಬಾಗಿಲಲ್ಲಿ ನಿಂತು ನೋಡಿ, ಊರೆಲ್ಲ ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರಂತೆ ಎಂದು ಗೊಣಗಿ ಹೋದಳು. ಅವಳ ಕಣ್ಣು ತುಂಬಿತ್ತು.

ಅವನು ಮೇಜಿನ ಆಚೆ ಬದಿಗೆ ಹೋಗಿ, ಬೀದಿಗೆ ಬೆನ್ನು ಹಾಕಿ, ಹೆಂಡತಿಗೆ ಎದುರಾಗಿ ನಿಂತ. ಮೊದಲ ಸಲ ಕೆಲಸ ಮಾಡುತ್ತ ಅವಳ ಮುಖ ನೋಡಿದ. ಗಂಟು ಬಿಗಿಯುವಾಗ ಅವಳು ಕೆಳತುಟಿ ಕಚ್ಚುತ್ತಾಳೆ. ದಾರ ಕತ್ತರಿಸಿದ ಮೇಲೆ ತನ್ನಷ್ಟಕ್ಕೆ ತಲೆಯಾಡಿಸುತ್ತಾಳೆ. ಇದನ್ನೆಲ್ಲ ಅವಳು ಇಷ್ಟು ವರ್ಷವೂ ಅವನ ಬೆನ್ನ ಹಿಂದೆ ಮಾಡುತ್ತಲೇ ಇದ್ದಿರಬೇಕು.

"ಈ ಕಡೆ ತಿರುಗಿದ್ರಾ?" ಎಂದಳು. ಸದ್ದಿನಿಂದ ತಿಳಿದಿರಬೇಕು.

"ಹೂಂ. ತಿರುಗಿದ್ದೀನಿ."

"ಬೆಳಕಿಗೆ ಅಡ್ಡ ಆಗಲ್ವಾ? ನಿಮ್ಮ ನೆರಳು ನಿಮಗೇ ಬಟ್ಟೆ ಮೇಲೆ ಬೀಳುತ್ತೆ."

ಬೀಳುತ್ತಿತ್ತು. ಅಂಗಿಯ ಸುಕ್ಕು ಅವನಿಗೆ ಸರಿಯಾಗಿ ಕಾಣುತ್ತಿರಲಿಲ್ಲ. ಪರವಾಗಿಲ್ಲ ಎಂದ.

"ಮೊದಲಿನ ಹಾಗೇ ಇಟ್ಕೊಳ್ಳಿ. ಕೆಲಸ ಮಾಡೋರಿಗೆ ಬೆಳಕು ಬೇಕು," ಎಂದಳು. "ನನಗೇನು."

ಅವನು ಮತ್ತೆ ತಿರುಗಿಸಲಿಲ್ಲ. ಈಗ ಅಂಗಡಿಗೆ ಬಂದವರು ಅವನ ಬೆನ್ನಿನ ಜೊತೆ ಮಾತಾಡುತ್ತಾರೆ. ಕಾಲರಿನಲ್ಲಿ ಸುಕ್ಕು ಉಳಿಯುತ್ತದೆ. ಗರಿಗರಿಯಣ್ಣನ ಕೈಯಲ್ಲಿ ಮೊದಲಿನ ಗರಿ ಇಲ್ಲ, ಯಾತ್ರೆಯಲ್ಲಿ ದಣಿದುಬಿಟ್ಟಿದ್ದಾನೆ ಎಂದು ಬೀದಿಯವರು ಹೇಳಿಕೊಳ್ಳುತ್ತಾರೆ. ಹೆಡ್‌ಮಾಸ್ತರರು ಬಟ್ಟೆಯನ್ನು ಬೇರೆ ಕಡೆ ಕೊಡತೊಡಗಿದ್ದಾರೆಂದೂ ಕೇಳಿಬಂತು. ಗಂಟುಗಳ ಲೆಕ್ಕ ಅವನಿಗೆ ಇನ್ನೂ ಪೂರ್ತಿ ಕೈಗೆ ಹತ್ತಿಲ್ಲ. ಇದು ಯಾರದು ಎಂದು ಪ್ರತಿ ಬಟ್ಟೆಗೂ ಅವಳನ್ನೇ ಕೇಳಬೇಕು.

ಕೇಳಿದಾಗ ಅವಳು ಮುಖವೆತ್ತುತ್ತಾಳೆ. ಕೈ ಚಾಚಿ, ಮುಟ್ಟಿ ನೋಡಿ, ಹೆಸರು ಹೇಳುತ್ತಾಳೆ. ಕೆಲವು ಸಲ ನಗುತ್ತಾಳೆ ಕೂಡ. ಆದರೆ ಅವಳು ಮುಖ ಮಾಡುವುದು ಅವನ ಕಡೆಗಲ್ಲ. ಅವನಿಂದ ಒಂದಿಷ್ಟು ಬಲಕ್ಕೆ, ಮೊದಲು ಮೇಜು ಇದ್ದ, ಅವನ ಬೆನ್ನು ಇದ್ದ ಆ ಖಾಲಿ ಜಾಗದ ಕಡೆಗೆ. ಮೊದಲೆರಡು ದಿನ ಅವನು, ನಾನು ಇಲ್ಲಿದ್ದೀನಿ ಎಂದು ಹೇಳಿದ. ಅವಳು ಹೌದಲ್ಲ ಎಂದು ತಿರುಗಿದಳು, ಮತ್ತೆ ಮರೆತಳು. ಆಮೇಲೆ ಅವನು ಹೇಳುವುದು ಬಿಟ್ಟ.